ಗುಡ್ಡದೂರಿನ ಮದ್ದಲೇನ ಮತ್ತು ನಮ್ಮಮ್ಮ

ನಮ್ಮ ಹರ್ಷಿತಾ ಡಾಕ್ಟರಾದಳು! ಸೂಜಿ ಚುಚ್ಚುವ ಡಾಕ್ಟರಲ್ಲ, ಓದಿ ಬರೆದು ಆಗುವ ಡಾಕ್ಟರು. ಹೋದ ಶುಕ್ರವಾರ ಮಧ್ಯಾಹ್ನ ನಮ್ಮ ಮನೆಯ ಪಡಸಾಲೆಯಲ್ಲೇ, ರಾಗಿ ಮೂಟೆಗೆ ಒರಗಿಸಿದ ಕಂಪ್ಯೂಟರಿನ ಮುಂದೆ ಕೂತು, ಇಟಲಿ ದೇಶದ ಮೇಷ್ಟರುಗಳು ಕೇಳಿದ್ದಕ್ಕೆಲ್ಲ ಅವರದೇ ಭಾಷೆಯಲ್ಲಿ ಉತ್ತರ ಕೊಟ್ಟು ಗೆದ್ದುಬಿಟ್ಟಳು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಕುಕ್ಕರ್ ಕೂಗಬಾರದೆಂದು ಸೊಸೆ ಸವಿತಾ ಒಲೆ ಆರಿಸಿದ್ದಳು. ಮಗ ಮಂಜುನಾಥ ಹಿತ್ತಲಲ್ಲಿ ಎಮ್ಮೆ ಅರಚದಿರಲೆಂದು ಅದರ ಮುಂದೆ ಹುಲ್ಲು ಸುರಿಯುತ್ತಲೇ ಇದ್ದ. ಪರದೆಯ ಮೇಲಿದ್ದ ಬಿಳಿಗಡ್ಡದವರು ಏನೋ ಅಂದರು, ಎಲ್ಲರೂ ಚಪ್ಪಾಳೆ ತಟ್ಟಿದರು, ನನ್ನ ಮೊಮ್ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಸೋತಳೇನೋ ಅಂದುಕೊಂಡೆ. ಆಮೇಲೆ ಅವಳು ಓಡಿಬಂದು ನನ್ನನ್ನು ತಬ್ಬಿ ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟಳು. ಈ ವಯಸ್ಸಿನಲ್ಲಿ ನನ್ನ ಕಾಲು ನೆಲ ಬಿಟ್ಟಿದ್ದು ಅದೊಂದೇ ಸಲ. ಸಂತೋಷ ತಡೆಯಲಾರದೆ ಬೀದಿಗೆ ಹೋಗಿ ಕಂಡವರಿಗೆಲ್ಲ ಹೇಳಿದೆ, ಕಾಣದವರನ್ನು ಕೂಗಿ ಕರೆದು ಹೇಳಿದೆ.

“ಯಾವುದ್ರಲ್ಲಿ ಡಾಕ್ಟ್ರು, ರತ್ನಮ್ಮಕ್ಕ?” ಎಂದಳು ಪಕ್ಕದ ಮನೆಯ ಯಶೋದ.

ಯಾವುದರಲ್ಲಿ ಅಂತ ನಾನು ಕೇಳಿಯೇ ಇರಲಿಲ್ಲ!

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹುಡುಗಿ ಚಿಕ್ಕಬಳ್ಳಾಪುರದಲ್ಲಿ ಓದಿದಳು, ಬೆಂಗಳೂರಲ್ಲಿ ಓದಿದಳು, ಆಮೇಲೆ ವಿಮಾನ ಹತ್ತಿ ಇಟಲಿಗೆ ಹೋದಳು, ಬರೆದು ಮುಗಿಸಿ ಈಗ ಊರಿಗೆ ಬಂದಿದ್ದಳು. ಚರಿತ್ರೆ ಓದುತ್ತಾಳೆ ಅಂತ ಮಾತ್ರ ಗೊತ್ತಿತ್ತು. ಚರಿತ್ರೆ ಅಂದರೆ ರಾಜರದ್ದು, ಯುದ್ಧದ್ದು ಅಂತ ನಾನಂದುಕೊಂಡಿದ್ದೆ. ಯಶೋದಳ ಮುಂದೆ ಮಾನ ಹೋಯಿತಲ್ಲ ಎಂದು ಮನೆಗೆ ಬಂದವಳೇ ಮೊಮ್ಮಗಳ ಕೈ ಹಿಡಿದು ಜಗಲಿಯ ಮೇಲೆ ಕೂರಿಸಿದೆ. ಆಗ ನಾವು ಸಾಕಿರುವ ರೇಷ್ಮೆ ಹುಳಕ್ಕೆ ಸಂಜೆಯ ಹಿಪ್ಪುನೇರಳೆ ಸೊಪ್ಪು ಹೊರೆಯಾಗಿ ಬಂದು ಬಿದ್ದಿತ್ತು. ಇಬ್ಬರೂ ಕಡ್ಡಿಯಿಂದ ಎಲೆ ಬಿಡಿಸುತ್ತ ಕೂತೆವು. ಜಗಲಿಯ ಆ ಕೊನೆಯಲ್ಲಿ ನಮ್ಮಮ್ಮ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದಳು. ಹೌದು, ನಮ್ಮಮ್ಮ ಇನ್ನೂ ಇದ್ದಾಳೆ, ತೊಂಬತ್ತರ ಹತ್ತಿರ ಹತ್ತಿರ. ಒಬ್ಬಳೇ ಮಗಳೆಂದು ನನ್ನ ಗಂಡನನ್ನು ಮನೆ ಅಳಿಯ ಮಾಡಿಕೊಂಡಿದ್ದರಿಂದ ನಾನು ಹುಟ್ಟಿದ ಮನೆಯಲ್ಲೇ ಬದುಕಿದವಳು. ನಮ್ಮ ಯಜಮಾನರು ಹೋದ ಮೇಲೂ ಇದೇ ಮನೆ, ಇದೇ ಜಗಲಿ.

“ಒಂದು ಊರಿನ ಕಥೆ ಬರೆದಿದೀನಿ ಕಣಜ್ಜಿ. ಗುಡ್ಡದ ಮೇಲಿರೋ ಪುಟ್ಟ ಊರು. ನಮ್ಮೂರಿಗಿಂತ ಚಿಕ್ಕದು.”

“ರಾಜ ಯಾರು ಅಲ್ಲಿ?”

“ರಾಜಾನೂ ಇಲ್ಲ, ಯುದ್ಧಾನೂ ಇಲ್ಲ. ರೇಷ್ಮೆ ಹುಳ ಸಾಕೋರು.”

“ಥೂ, ಹೋಗೇ! ಬಿಳೀ ಜನ ಹುಳ ಸಾಕ್ತಾರಾ?”

“ನಮಗಿಂತ ಮುಂಚೆಯಿಂದ ಸಾಕಿದಾರೆ.”

ನನ್ನ ಕೈಯ ಕಡ್ಡಿ ಅಲ್ಲೇ ನಿಂತಿತು. ಆ ಊರಿನ ಹೆಸರು ಅವಳು ಹೇಳಿದಳು, ನನ್ನ ನಾಲಿಗೆಗೆ ಹತ್ತಲಿಲ್ಲ. ಗುಡ್ಡದೂರು ಅಂತಲೇ ಇಟ್ಟುಕೊಂಡೆ. ಅಲ್ಲಿ ಮನೆಗಳು ಮೆಟ್ಟಿಲಿನ ಹಾಗೆ ಒಂದರ ಹೆಗಲ ಮೇಲೊಂದು ಕೂತಿವೆಯಂತೆ, ಎಲ್ಲವೂ ಕಲ್ಲಿನವು. ರೇಷ್ಮೆ ಬರುವ ಮೊದಲು ಕಾಡಿನ ಮರದ ಕಾಯಿ ಒಣಗಿಸಿ, ಬೀಸಿ, ಆ ಹಿಟ್ಟು ತಿಂದು ಬದುಕಿದ ಜನ. ಆಮೇಲೆ ಮೆಕ್ಕೆಜೋಳ ಬಂತು. ಅದರ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಕೋಲಿನಲ್ಲಿ ತೊಳಸಿ ಹಲಗೆಯ ಮೇಲೆ ಕವುಚಿ, ದಾರದಿಂದ ಕೊಯ್ದು ಹಂಚುತ್ತಿದ್ದರಂತೆ.

“ಅಯ್ಯೋ, ಮುದ್ದೆ ಅಲ್ವೇನೇ ಅದು!” ಎಂದೆ.

“ಮುದ್ದೇನೇ. ನಾನು ಮೊದಲ್ನೇ ದಿನ ತಿಂದಾಗ ಅಳು ಬಂತು ನಂಗೆ.”

ಹುಳ ದೊಡ್ಡದಾದ ಹಾಗೆ ಆ ಊರಿನ ಜನ ಮನೆಯನ್ನು ಹುಳಕ್ಕೆ ಬಿಟ್ಟುಕೊಟ್ಟು ಹಸುಗಳ ಜೊತೆ ಕೊಟ್ಟಿಗೆಯಲ್ಲಿ ಮಲಗುತ್ತಿದ್ದರಂತೆ. ಮೊಟ್ಟೆಗೆ ಬಿಸಿ ಬೇಕೆಂದು ಹೆಂಗಸರು ಅದನ್ನು ಬಟ್ಟೆಯಲ್ಲಿ ಕಟ್ಟಿ ಎದೆಯೊಳಗೆ ಇಟ್ಟುಕೊಂಡು ಓಡಾಡುತ್ತಿದ್ದರಂತೆ. ಮೊದಲು ಅದನ್ನು ಚರ್ಚಿಗೆ ಒಯ್ದು ಪಾದ್ರಿಯ ಕೈಯಲ್ಲಿ ಹರಸಿಸಿಕೊಂಡು ಬರುತ್ತಿದ್ದರಂತೆ. ಇವಳು ಯಾವ ದೇಶದ ಕಥೆ ಹೇಳುತ್ತಿದ್ದಾಳೆ? ನನ್ನ ಕಣ್ಣ ಮುಂದೆ ಬಂದದ್ದು ಕಲ್ಲಿನ ಮನೆಯಲ್ಲ, ಇದೇ ಮನೆ, ನಾನು ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲದ್ದು.

ಆಗ ಈ ಮನೆಗೆ ನಾಡಹೆಂಚು, ಮಣ್ಣಿನ ಗೋಡೆ. ಪಡಸಾಲೆ, ನಡುಮನೆ, ಅಡಿಗೆಮನೆ, ಹಿಂದೆ ಕೊಟ್ಟಿಗೆ, ಅಷ್ಟೇ. ಈಗ ಮಂಜುನಾಥ ಹುಳಕ್ಕೆಂದೇ ತೋಟದಲ್ಲಿ ಬೇರೆ ಶೆಡ್ಡು ಕಟ್ಟಿಸಿದ್ದಾನೆ. ಆಗ ಹುಳದ ಮನೆ ಅಂದರೆ ನಮ್ಮ ನಡುಮನೆಯೇ. ಬಿದಿರಿನ ತಟ್ಟೆಗಳು ನೆಲದಿಂದ ಸೂರಿನವರೆಗೆ ಅಂತಸ್ತು ಅಂತಸ್ತಾಗಿ ನಿಲ್ಲುತ್ತಿದ್ದವು. ಇರುವೆ ಹತ್ತಬಾರದೆಂದು ಗೂಟದ ಕಾಲುಗಳ ಕೆಳಗೆ ನೀರು ತುಂಬಿದ ಮಣ್ಣಿನ ಬಟ್ಟಲು. ಹುಳ ಒಂದೊಂದು ಸಲ ಪೊರೆ ಬಿಡುವುದಕ್ಕೂ ನಾವು ಜ್ವರ ಅಂತೀವಿ. ಮೂರನೇ ಜ್ವರ ದಾಟಿತು ಅಂದರೆ ನಮ್ಮ ಚಾಪೆ, ಕಂಬಳಿ, ಪಾತ್ರೆ ಎಲ್ಲ ಹೊರಗೆ. ಅಪ್ಪ ಜಗಲಿಯಲ್ಲಿ ಮಲಗುತ್ತಿದ್ದ, ಅಪ್ಪನ ತಾಯಿ ಮುನಿಯಜ್ಜಿ ಪಡಸಾಲೆಯ ಬಾಗಿಲಿಗೆ ಅಡ್ಡ, ಯಾರೂ ಒಳಗೆ ನುಗ್ಗದ ಹಾಗೆ. ನಾನು, ಅಮ್ಮ ಕೊಟ್ಟಿಗೆಯಲ್ಲಿ. ಎಮ್ಮೆಯ ಉಸಿರು ಮುಖಕ್ಕೆ ಬಡಿಯುತ್ತಿತ್ತು, ನನಗದು ಬೆಚ್ಚಗೆ ಹಿತವಾಗಿತ್ತು. ಚಳಿಗಾಲದಲ್ಲಿ ಮೊಟ್ಟೆ ಹಾಳೆ ಮನೆಗೆ ಬಂದರೆ ಅಮ್ಮ ಅದನ್ನು ಕರೀ ಬಟ್ಟೆಯಲ್ಲಿ ಸುತ್ತಿ ಸೆರಗಿನೊಳಗೆ ಇಟ್ಟುಕೊಂಡು ಒಲೆಯ ಮುಂದೆ ಕೂರುತ್ತಿದ್ದಳು. ನಾನು ಅವಳ ಮಡಿಲಿಗೆ ಹೋದರೆ ಬಿಡುತ್ತಿರಲಿಲ್ಲ.

“ತಡಿಯೇ, ನಿನ್ನ ತಂಗೀರು ಮಲಗಿದಾರೆ,” ಎಂದು ನಗುತ್ತಿದ್ದಳು.

ನನಗೆ ನಿಜವಾಗಲೂ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನ ಬೆನ್ನಿಗೆ ಹುಟ್ಟಿದವರು ಯಾರೂ ಉಳಿಯಲಿಲ್ಲ. ಅಮ್ಮನಿಗೆ ಹುಳವೇ ಮಕ್ಕಳು. ಎಳೇ ಹುಳಕ್ಕೆ ಎಲೆಯನ್ನು ಕೂದಲಿನಷ್ಟು ಸಣ್ಣಗೆ ಹೆಚ್ಚುವುದು, ಕೋಳಿಯ ಪುಕ್ಕದಿಂದ ಅವನ್ನು ನೋವಾಗದಂತೆ ಸರಿಸುವುದು, ಇದರಲ್ಲೆಲ್ಲ ಅವಳನ್ನು ಮೀರಿಸುವವರು ಈ ಸುತ್ತಿನಲ್ಲಿ ಇರಲಿಲ್ಲ. ಮೇಲೂರಿನಿಂದ ಹೆಂಗಸರು ಬಂದು ಕೇಳಿಕೊಂಡು ಹೋಗುತ್ತಿದ್ದರು. ಮುನಿಯಜ್ಜಿ ಮಾತ್ರ ಸೊಸೆಯನ್ನು ಹೊಗಳಿದವಳಲ್ಲ. ಅವಳದು ಕಟ್ಟುಪಾಡಿನ ಕೆಲಸ. ಹುಳ ಮನೆಯಲ್ಲಿರುವಾಗ ಹೊರಗಿನವರ ಕಣ್ಣು ಬೀಳಬಾರದು, ಮುಟ್ಟಾದವರು ಹತ್ತಿರ ಸುಳಿಯಬಾರದು, ಬೀಡಿ ಸೇದಬಾರದು, ಎಲ್ಲಕ್ಕಿಂತ ದೊಡ್ಡದಾಗಿ, ಒಗ್ಗರಣೆ ಹಾಕಬಾರದು. ಒಣಮೆಣಸಿನಕಾಯಿ ಬೆಳ್ಳುಳ್ಳಿ ಎಣ್ಣೆಗೆ ಬಿದ್ದ ಘಾಟಿಗೆ ಹುಳ ಸೊಪ್ಪು ಬಿಡುತ್ತದೆ ಅಂತ. ಹಾಗಾಗಿ ಆ ದಿನಗಳಲ್ಲಿ ಮುದ್ದೆ, ಬೇಯಿಸಿದ ಹುರುಳಿಕಾಳು, ಉಪ್ಪು ಹಾಕಿದ ಸೊಪ್ಪಿನ ಕಟ್ಟು, ಅದೇ ಊಟ. ಅಪ್ಪ ಒಂದೊಂದು ಸಲ ಮುದ್ದೆ ಮುರಿಯುತ್ತ ರೇಗಿಸುತ್ತಿದ್ದ.

“ಅಮ್ಮಾ, ಹುಳಕ್ಕೆ ಹೊತ್ತುಹೊತ್ತಿಗೆ ಹಸಿರು ಊಟ, ನಮಗೆ ಮಾತ್ರ ಪಥ್ಯ.”

“ನೋರು ಮುಯ್ಯಿರಾ!” ಎಂದು ಮುನಿಯಜ್ಜಿ ತೆಲುಗಿನಲ್ಲಿ ಗದರಿ ಅವನ ಬಾಯಿ ಮುಚ್ಚಿಸುತ್ತಿದ್ದಳು. ಅವಳ ತವರು ಗಡಿಯ ಕಡೆಯದು, ಕೋಪ ಬಂದರೆ ತೆಲುಗೇ ಬರುವುದು.

ಆ ವರ್ಷ ಸರ್ಕಾರದ ಬಿತ್ತನೆ ಕೋಠಿಯಲ್ಲಿ ಮೊಟ್ಟೆ ಸಿಗುವುದು ತಡವಾಗುತ್ತದೆಂದು ಅಪ್ಪ ಚಿಂತಾಮಣಿ ಕಡೆಯ ಒಬ್ಬ ಸ್ನೇಹಿತನ ಮನೆಯಿಂದ ಮೊಟ್ಟೆ ತಂದಿದ್ದ. ಆತ ತನ್ನ ಮನೆಯ ಗೂಡಿನಿಂದಲೇ ಚಿಟ್ಟೆ ಎಬ್ಬಿಸಿ ಮೊಟ್ಟೆ ಇಡಿಸುತ್ತಿದ್ದ. ಹುಳ ಚೆನ್ನಾಗಿಯೇ ಎದ್ದವು. ನಾಲ್ಕನೇ ಜ್ವರದ ಹೊತ್ತಿಗೆ ನನಗೂ ಜ್ವರ ಬಂತು, ಮನುಷ್ಯರ ಜ್ವರ. ಕೊಟ್ಟಿಗೆಯಲ್ಲಿ ಮಲಗಿ ಏನೂ ತಿನ್ನದೆ ಒಣಗಿಹೋಗಿದ್ದೆ. ಬೇಯಿಸಿದ ಕಾಳು ಕಂಡರೆ ಹೊಟ್ಟೆ ತೊಳಸುತ್ತಿತ್ತು. ಒಗ್ಗರಣೆ ಹಾಕಿದ ಸಾರು ಬೇಕು ಅಂತ ಅತ್ತೆ. ಅಮ್ಮ ಎರಡು ದಿನ ತಡೆದುಕೊಂಡಳು. ಮೂರನೇ ದಿನ ಮುನಿಯಜ್ಜಿ ಹೊಲಕ್ಕೆ ಹೋದದ್ದು ನೋಡಿ, ಕೊಟ್ಟಿಗೆಯ ಹಿಂದೆ, ಗೊಬ್ಬರದ ಗುಂಡಿಯ ಆಚೆ ಮೂರು ಕಲ್ಲು ಹೂಡಿ, ಒಂದು ಚಮಚ ಎಣ್ಣೆಯಲ್ಲಿ ಬೆಳ್ಳುಳ್ಳಿ ಸಿಡಿಸಿ ನನಗೆ ಅನ್ನ ಸಾರು ಕಲಸಿ ತಿನ್ನಿಸಿದಳು. ಆ ರುಚಿ ಈಗಲೂ ನಾಲಿಗೆಯಲ್ಲಿದೆ. ನನ್ನ ಜ್ವರ ಇಳಿಯಿತು.

ಹುಳ ಕಾಯಿಲೆ ಬಿದ್ದವು. ಮೊದಲು ಒಂದು ತಟ್ಟೆಯಲ್ಲಿ ಕೆಲವು ಚಿಕ್ಕವು ಕೆಲವು ದೊಡ್ಡವು ಆದವು. ಆಮೇಲೆ ಎಲ್ಲ ತಟ್ಟೆಗಳಲ್ಲೂ ಸೊಪ್ಪು ಹಾಗೇ ಉಳಿಯತೊಡಗಿತು. ಹುಳದ ಮೈಮೇಲೆ ಮೆಣಸಿನಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ. ಗೂಡು ಕಟ್ಟಲೆಂದು ಸುರುಳಿ ಸುರುಳಿಯಾಗಿ ಹೆಣೆದ ಬಿದಿರಿನ ಚಂದ್ರಂಕಿಗೆ ಬಿಟ್ಟರೆ ಕಟ್ಟದೆ ಸುಮ್ಮನೆ ತಲೆ ಎತ್ತಿ ಆಡಿಸಿ ಸತ್ತವು. ಇಡೀ ಬೆಳೆ ಗುಂಡಿಗೆ ಹೋಯಿತು. ಗೊಬ್ಬರದ ಗುಂಡಿಯ ಹತ್ತಿರ ಹೋದ ಮುನಿಯಜ್ಜಿ ಮಸಿ ಹಿಡಿದ ಮೂರು ಕಲ್ಲು ಕಂಡಳು. ಅವಳ ಮುಖ ನಾನು ಮರೆಯಲಾರೆ.

“ಮನೆ ಲಕ್ಷ್ಮೀನ ಹೊಗೆ ಹಾಕಿ ಓಡಿಸಿಬಿಟ್ಟೆಯಲ್ಲೇ! ಇನ್ಮೇಲೆ ನೀನು ಹುಳದ ಮನೆ ಹೊಸ್ತಿಲು ದಾಟಿದ್ರೆ ಕಾಲು ಮುರೀತೀನಿ.”

ಅಪ್ಪ ಕಂಬ ಹಿಡಿದು ನಿಂತೇ ಇದ್ದ. ಅವತ್ತಿನಿಂದ ಅಮ್ಮ ಸೊಪ್ಪು ಕೊಯ್ದಳು, ಹೊರೆ ಹೊತ್ತಳು, ಎಲೆ ಬಿಡಿಸಿದಳು, ತಟ್ಟೆ ಸಗಣಿ ಹಾಕಿ ಸಾರಿಸಿದಳು, ಹುಳವನ್ನು ಮಾತ್ರ ಮುಟ್ಟಲಿಲ್ಲ. ಹೊಸ್ತಿಲ ಈಚೆ ಕೂತು ಒಳಗೆ ಎಲೆ ಕಡಿಯುವ ಸದ್ದು ಕೇಳಿಸಿಕೊಳ್ಳುತ್ತಿದ್ದಳು. ಮುನಿಯಜ್ಜಿ ಹೋದಳು, ಅಪ್ಪ ಹೋದ, ಮನೆ ಬದಲಾಯಿತು, ತೋಟದಲ್ಲಿ ಶೆಡ್ಡು ಬಂತು. ಅಮ್ಮ ಶೆಡ್ಡಿನೊಳಕ್ಕೂ ಕಾಲಿಡಲಿಲ್ಲ. “ಬಾ ಅಜ್ಜಿ, ನೋಡು,” ಎಂದು ಮಂಜುನಾಥ ಎಷ್ಟು ಸಲ ಕರೆದರೂ, “ನನ್ನ ನೆರಳು ಆಗಿಬರಲ್ಲಪ್ಪ,” ಎನ್ನುತ್ತಿದ್ದಳು. ಯಾಕೆ ಅಂತ ಅವನಿಗೆ ಯಾರೂ ಹೇಳಲಿಲ್ಲ. ನಾನು ಬೆಳೆದದ್ದು ಹೀಗೆ: ಬಾಯಿಗೆ ಬೇಕೆನಿಸಿದ್ದನ್ನು ಯಾರ ಹತ್ತಿರವೂ ಕೇಳದೆ. ಬಾಣಂತಿಯಾದಾಗಲೂ ಕೇಳಲಿಲ್ಲ. ರತ್ನಮ್ಮ ಏನು ಹಾಕಿದರೂ ತಿಂತಾಳೆ, ಒಳ್ಳೇ ಹೆಣ್ಣು ಅಂತ ಜನ ಹೊಗಳಿದರು. ಅದು ಒಳ್ಳೆಯತನವಲ್ಲ, ಹೆದರಿಕೆ.

ಇಷ್ಟೆಲ್ಲ ನನ್ನ ತಲೆಯೊಳಗೆ ಓಡುತ್ತಿದ್ದರೆ ಹರ್ಷಿತಾ ಗುಡ್ಡದೂರಿನಲ್ಲೇ ಇದ್ದಳು.

“ಆಮೇಲೆ ಒಂದು ಕಾಲ ಬಂತಜ್ಜಿ, ನೂರೈವತ್ತು ವರ್ಷಕ್ಕೂ ಹಿಂದೆ, ಆ ಸೀಮೆ ಎಲ್ಲಾ ಕಡೆ ಹುಳ ಸಾಯೋಕೆ ಶುರುವಾಯ್ತು. ಯಾಕೆ ಅಂತ ಒಬ್ರಿಗೂ ಗೊತ್ತಿಲ್ಲ. ದೇವರ ಕೋಪ ಅಂದ್ರು, ಕೆಟ್ಟ ಕಣ್ಣು ಅಂದ್ರು. ನಮ್ಮ ಗುಡ್ಡದೂರಲ್ಲಿ ಮದ್ದಲೇನ ಅನ್ನೋ ಸೊಸೇನ ಹಿಡಕೊಂಡ್ರು. ಅವಳ ತಾಯಿ ಸತ್ತಿದ್ಲು. ಹೆಣ ನೋಡಿ ಬಂದು ಹಾಗೇ ಹುಳದ ಅಟ್ಟ ಹತ್ತಿದ್ಲಂತೆ, ಅದಕ್ಕೇ ಹೋಯ್ತು ಅಂತ. ಅಲ್ಲಿ ಮುದುಕೀರು ಇವತ್ತಿಗೂ ‘ಹುಳ ತಿಂದ ಮದ್ದಲೇನ’ ಅಂತಾನೇ ಹೇಳೋದು.”

“ಏನು ಮಾಡಿದ್ರು ಅವಳಿಗೆ?”

“ಮತ್ತೆ ಅಟ್ಟ ಹತ್ತಿಸಲಿಲ್ಲ. ಗುಡ್ಡದ ಕೆಳಗಿನ ರೇಷ್ಮೆ ಮಿಲ್ಲಿಗೆ ಹಾಕಿದ್ರು, ಕುದಿಯೋ ನೀರಲ್ಲಿ ಗೂಡು ಬಿಚ್ಚೋಕೆ. ಮಜಾ ಏನು ಗೊತ್ತಾ, ಅವಳ ತಪ್ಪೇ ಇರಲಿಲ್ಲ. ಅದು ರೋಗ. ಮೈಮೇಲೆ ಮೆಣಸಿನಪುಡಿ ಥರ ಕಪ್ಪು ಚುಕ್ಕೆ ಬರುತ್ತೆ…”

ನನ್ನ ಮಡಿಲಿನ ಸೊಪ್ಪೆಲ್ಲ ನೆಲಕ್ಕೆ ಬಿತ್ತು. ನಾನು ಎದ್ದು ನಿಂತಿದ್ದೇ ನನಗೆ ತಿಳಿಯಲಿಲ್ಲ.

“ಏನಂದೆ? ಇನ್ನೊಂದ್ಸಲ ಹೇಳು.”

“ಯಾಕಜ್ಜಿ, ಏನಾಯ್ತು? ಕಪ್ಪು ಚುಕ್ಕೆ. ಹುಳ ಒಂದೇ ಸಮ ಬೆಳೆಯಲ್ಲ. ಗೂಡು ಕಟ್ಟದೇ ಸಾಯ್ತವೆ. ಅಪ್ಪನ್ನ ಕೇಳು, ಗಂಟುರೋಗ ಅಂತಾರೆ ಇಲ್ಲಿ.”

ಗಂಟುರೋಗ ಅನ್ನುವ ಮಾತು ನಾನು ಕೇಳಿದವಳೇ. ಈಗಿನ ಕಾಲದಲ್ಲಿ ಪರೀಕ್ಷೆ ಮಾಡಿದ ಮೊಟ್ಟೆ ಬರುವುದರಿಂದ ಅದು ಹೇಗಿರುತ್ತದೆ ಎಂದು ಕಂಡಿಲ್ಲ ಅಂದುಕೊಂಡಿದ್ದೆ. ಕಂಡಿದ್ದೆ! ಇದೇ ಮನೆಯ ನಡುಮನೆಯಲ್ಲಿ ಕಂಡಿದ್ದೆ! ನಾವದಕ್ಕೆ ಒಗ್ಗರಣೆ ಅಂತ ಹೆಸರಿಟ್ಟಿದ್ದೆವು.

“ಅದು ವಾಸನೆಗೆ ಬರುತ್ತಾ? ಘಾಟಿಗೆ?”

“ಇಲ್ಲಜ್ಜಿ. ತಾಯಿ ಚಿಟ್ಟೆ ಹೊಟ್ಟೇಲೇ ಇರುತ್ತೆ, ಮೊಟ್ಟೆ ಒಳಗೇ ಬರುತ್ತೆ. ಹುಳ ಹುಟ್ಟೋಕೆ ಮುಂಚೇನೇ ಹಾಳಾಗಿರುತ್ತೆ. ಅದಕ್ಕೇ ಆ ಜನ ಒಳ್ಳೇ ಮೊಟ್ಟೆ ಹುಡುಕ್ಕೊಂಡು ಹಡಗು ಹತ್ತಿ ಜಪಾನಿಗೇ ಹೋದ್ರು.”

ಹಾಗಾದರೆ ಹುಳವನ್ನು ಕೊಂದದ್ದು ಅಮ್ಮನ ಮೂರು ಕಲ್ಲಿನ ಒಲೆಯಲ್ಲ, ಅಪ್ಪ ಚಿಂತಾಮಣಿ ಕಡೆಯಿಂದ ಬಟ್ಟೆಯಲ್ಲಿ ಸುತ್ತಿ ತಂದ ಮೊಟ್ಟೆ. ಅಮ್ಮ ಅವನ್ನು ಎದೆಗೆ ಅವಚಿಕೊಂಡು ಬೆಚ್ಚಗಿಟ್ಟಾಗಲೇ ಅವಕ್ಕೆ ರೋಗ ಅಂಟಿತ್ತು! ಹರ್ಷಿತಾಗೆ ಎಲ್ಲ ಹೇಳಿದೆ. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂತುಬಿಟ್ಟಳು. ಅಷ್ಟು ವರ್ಷ ಅಲ್ಲಿ ಬೇರೆಯವರ ಮನೆಯ ಕಥೆ ಹುಡುಕಿದವಳಿಗೆ ಸ್ವಂತ ಮನೆಯದ್ದು ಗೊತ್ತಿರಲಿಲ್ಲ.

ನಾನು ಜಗಲಿಯ ಆ ಕೊನೆಗೆ ಓಡಿದೆ. ಅಮ್ಮನ ಮುಂದೆ ಮಂಡಿಯೂರಿ, ಭುಜ ಅಲುಗಿಸಿ ಎಬ್ಬಿಸಿ, ಅಳುತ್ತ ನಗುತ್ತ ಹೇಳಿದೆ. ಅವಳು ಹಿಗ್ಗುತ್ತಾಳೆ, ನನ್ನನ್ನು ತಬ್ಬಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳು ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡಿದಳು.

“ಯಾರು ಹೇಳಿದ್ದು?”

“ಹರ್ಷಿ. ಓದಿದಾಳಲ್ಲಮ್ಮ, ಡಾಕ್ಟ್ರು.”

“ಹಂಗಾದ್ರೆ ನಮ್ಮತ್ತೆ ಸುಳ್ಳು ಹೇಳಿದ್ರಾ?”

“ಸುಳ್ಳಲ್ಲ ಅಮ್ಮ. ಅವರಿಗೂ ಗೊತ್ತಿರಲಿಲ್ಲ.”

“ಈಗ ಬಂದು ಹೇಳ್ತಿದೀಯಲ್ಲೇ!” ಅಮ್ಮನ ದನಿ ಬೀದಿಗೆ ಕೇಳುವಷ್ಟು ಏರಿತು. “ಅತ್ತೆ ಹೋದ್ರು, ನಿಮ್ಮಪ್ಪ ಹೋದ್ರು, ನನ್ನ ಓರಗೆಯವ್ರೆಲ್ಲ ಹೋದ್ರು. ನಾನು ಯಾರ ಮುಂದೆ ಹೋಗಿ ಹೇಳ್ಲಿ? ಸ್ಮಶಾನಕ್ಕೆ ಹೋಗ್ಲಾ?”

ಕೋಲು ಊರಿಕೊಂಡು ಎದ್ದು ಹಿತ್ತಲಿಗೆ ನಡೆದಳು. ಒಳ್ಳೆಯ ಸುದ್ದಿ ಇಷ್ಟು ಜೋರಾಗಿ ಹೊಡೆಯಬಹುದು ಅಂತ ನನಗೆ ಗೊತ್ತಿರಲಿಲ್ಲ. ಸವಿತಾ ಒಳಗೆ ಹರ್ಷಿತಾಳ ಸಂತೋಷಕ್ಕೆಂದು ಹೋಳಿಗೆಗೆ ಬೇಳೆ ರುಬ್ಬುತ್ತಿದ್ದಳು. ಅದನ್ನೂ ನಿಲ್ಲಿಸಿ ಹೊರಗೆ ಬಂದಳು.

“ಬಿಡಿ ಅತ್ತೆ, ಸ್ವಲ್ಪ ಹೊತ್ತು ಅವರ ಪಾಡಿಗೆ ಅವರು ಇರ್ಲಿ.”

ಬಿಟ್ಟೆವು. ಆದರೆ ಬೆಳಕು ಇಳಿಯುತ್ತ ಬಂದರೂ ಅಮ್ಮ ಬರಲಿಲ್ಲ. ಹಿತ್ತಲಲ್ಲಿಲ್ಲ, ಕೊಟ್ಟಿಗೆಯಲ್ಲಿಲ್ಲ, ಬಾವಿಯ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ. ಮಂಜುನಾಥ ಬಾವಿಗೆ ಓಡಿದ, ನಾನು “ಅಮ್ಮಾ” ಎಂದು ಅರಚುತ್ತ ತೋಟದ ದಾರಿ ಹಿಡಿದೆ. ಶೆಡ್ಡಿನ ಬಾಗಿಲು ಅರೆ ತೆರೆದಿತ್ತು. ಒಳಗೆ ಬಲ್ಬು ಉರಿಯುತ್ತಿತ್ತು. ಅಮ್ಮ ತಟ್ಟೆಗಳ ನಡುವೆ ನಿಂತಿದ್ದಳು. ಚಪ್ಪಲಿ ಹೊರಗೆ ಜೋಡಿಸಿ ಬಿಟ್ಟಿದ್ದಳು, ಕೋಲನ್ನೂ ಹೊರಗೇ ಒರಗಿಸಿದ್ದಳು. ಒಂದು ಕೈ ತಟ್ಟೆಯ ಅಂಚಿನ ಮೇಲೆ, ಇನ್ನೊಂದು ಅಂಗೈ ಎಲೆಯ ಮೇಲೆ ಚಾಚಿತ್ತು. ಒಂದು ದೊಡ್ಡ ಹುಳ ಅವಳ ಬೆರಳು ಹತ್ತಿ ಮಣಿಕಟ್ಟಿನ ಕಡೆ ನಿಧಾನವಾಗಿ ಬರುತ್ತಿತ್ತು. ಎಲ್ಲರೂ ಬಂದು ನನ್ನ ಹಿಂದೆ ನಿಂತರು. ಅಮ್ಮ ತಿರುಗಿ ಮಂಜುನಾಥನನ್ನು ನೋಡಿದಳು.

“ಒದ್ದೆ ಸೊಪ್ಪು ಹಾಕಿದೀಯಲ್ಲೋ ಮಂಜಾ! ಹೊಟ್ಟೆ ಕೆಟ್ಟು ಸಾಯಲ್ವಾ? ಯಾರು ಕಲಿಸಿದ್ದು ನಿಂಗೆ?”

ಮಂಜುನಾಥನ ಕಣ್ಣಲ್ಲಿ ನೀರು ಬಂತು. “ತಪ್ಪಾಯ್ತಜ್ಜಿ,” ಎಂದ.

ಆ ರಾತ್ರಿ ಪಡಸಾಲೆಯಲ್ಲಿ ಎಲ್ಲರೂ ಒಂದೇ ಸಾಲಿಗೆ ಕೂತೆವು. ಡಾಕ್ಟರಮ್ಮನನ್ನು ನಡುವೆ ಕೂರಿಸಬೇಕೆಂದು ನಾನಂದರೆ ಅವಳು ಅಮ್ಮನನ್ನು ನಡುವೆ ಕೂರಿಸಿದಳು. ಸವಿತಾ ಬಿಸಿ ಹೋಳಿಗೆಯ ಮೇಲೆ ತುಪ್ಪ ಸುರಿದಳು. ಯಾರೂ ಮೊದಲು ಕೈ ಹಾಕಲಿಲ್ಲ. ಅಮ್ಮ ಊಟದ ಎಲೆಯನ್ನೇ ನೋಡುತ್ತ ಕೂತಿದ್ದಳು.

“ಹರ್ಷೀ,” ಎಂದಳು. “ಆ ಊರ ಹೆಂಗಸು. ಹೆಸರೇನಂದೆ?”

“ಮದ್ದಲೇನ, ದೊಡ್ಡಜ್ಜಿ.”

“ಅವಳಿಗೆ ಯಾರಾದ್ರೂ ಹೇಳಿದ್ರಾ? ನಿನ್ನ ತಪ್ಪಲ್ಲ ಕಣೇ ಅಂತ?”

ಹರ್ಷಿತಾ ತಲೆ ತಗ್ಗಿಸಿದಳು. “ಇಲ್ಲ ದೊಡ್ಡಜ್ಜಿ. ಆ ವಿಷಯ ಊರಿಗೆ ಗೊತ್ತಾಗೋ ಹೊತ್ತಿಗೆ ಅವಳು ಹೋಗಿಬಿಟ್ಟಿದ್ಲು. ಯಾರೂ ಹೇಳ್ಲಿಲ್ಲ.”

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು.

“ಸವಿತಾ, ಇನ್ನೊಂದು ಹಾಕು ಇಲ್ಲಿ. ಅವಳ ಪಾಲಿಂದೂ ನಾನೇ ತಿಂತೀನಿ.”

ಸವಿತಾ ಹಾಕಿದಳು. ಅಮ್ಮ ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿ ಬಾಯಿಗಿಟ್ಟಳು. ಆಮೇಲೆ ನಾವೆಲ್ಲರೂ ತಿಂದೆವು.